ಬ್ಯಾಂಕಾಕ್‌ನಲ್ಲಿ ಬೆನ್ನುಚೀಲದ ಮೊದಲ ನಾಲ್ಕು ದಿನ: ಎಲ್ಲಿ ಎಡವುತ್ತಾರೆ, ಯಾವ ಕ್ರಮದಲ್ಲಿ ಹೋದರೆ ಎಡವುವುದಿಲ್ಲ

ಮೊದಲ ಸಲ ಬ್ಯಾಂಕಾಕ್‌ಗೆ ಹೋದ ಪರಿಚಯದವರ ಫೋನು ನನಗೆ ಬರುವುದು ಹೆಚ್ಚೂಕಡಿಮೆ ಒಂದೇ ಹೊತ್ತಿಗೆ. ಇಳಿದ ದಿನ, ಬೆಳಿಗ್ಗೆ ಆರರಿಂದ ಮಧ್ಯಾಹ್ನದೊಳಗೆ. ಕಾರ್ಡು ನಡೆಯುತ್ತಿಲ್ಲ, ರೂಮು ಕೊಡುತ್ತಿಲ್ಲ, ಟ್ಯಾಕ್ಸಿಯವನು ಇನ್ನೆಲ್ಲೋ ಇಳಿಸಿ ಹೋದ, ಅರಮನೆಗೆ ಇವತ್ತು ರಜೆಯಂತೆ. ಪ್ರತಿ ಸಲವೂ ಇವೇ ನಾಲ್ಕೈದು. ಪ್ರತಿ ಸಲವೂ ಅವರ ಬೆನ್ನ ಮೇಲೆ ಹತ್ತು ಕಿಲೋ ಚೀಲ, ಕಣ್ಣಲ್ಲಿ ನಿದ್ದೆ.

ಹಾಗಾಗಿ ಇಡೀ ಮಾರ್ಗದರ್ಶಿಯ ತಳಹದಿ ಒಂದೇ ಮಾತು: ದೊಡ್ಡ ಚೀಲ ಬೆನ್ನ ಮೇಲಿರುವಾಗ ಯಾವ ನಿರ್ಧಾರವನ್ನೂ ಮಾಡಬೇಡಿ. ಚೀಲ ಇಳಿಸುವ ತನಕ ಬೇಕಾಗುವ ಎಲ್ಲ ನಿರ್ಧಾರಗಳನ್ನೂ ಮನೆಯಲ್ಲೇ ಮಾಡಿ ಮುಗಿಸಿ. ಊರು ನೋಡುವುದು ಆಮೇಲೆ. ಡಾರ್ಮಿಟರಿಯಲ್ಲಿ ಮಲಗಿ, ರೈಲು ದೋಣಿಗಳಲ್ಲಿ ಓಡಾಡಿ, ರಸ್ತೆಬದಿ ಉಂಡು ಮೂರು-ನಾಲ್ಕು ದಿನ ಕಳೆಯುವವರಿಗಾಗಿ ಇದನ್ನು ಬರೆದಿದ್ದೇನೆ.

## ಹಂತ 1: ಹೊರಡುವ ವಾರ ಮನೆಯಲ್ಲೇ ಮುಗಿಸಬೇಕಾದ್ದು

ಕಾರ್ಡು. ನಮ್ಮ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ವಿದೇಶಿ ಬಳಕೆ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್ ತೆರೆದು ಎಟಿಎಂ, ಅಂಗಡಿ, ಟ್ಯಾಪ್ ಮೂರನ್ನೂ ಬೇರೆ ಬೇರೆಯಾಗಿ ಆನ್ ಮಾಡಬೇಕು, ಮಿತಿಯನ್ನೂ ನಿಗದಿ ಮಾಡಬೇಕು. ಇದನ್ನು ಬೆಂಗಳೂರು ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತು ಮಾಡುತ್ತೇನೆ ಎಂದುಕೊಳ್ಳಬೇಡಿ. ಎರಡು ಬೇರೆ ಬ್ಯಾಂಕುಗಳ ಕಾರ್ಡು ಇರಲಿ.

ಒಟಿಪಿ. ನಮ್ಮವರು ಅತಿ ಹೆಚ್ಚು ಸಿಕ್ಕಿಬೀಳುವುದು ಇಲ್ಲೇ. ಥಾಯ್ ಸಿಮ್ ಹಾಕಲು ಊರಿನ ಸಿಮ್ ತೆಗೆದು ಪರ್ಸಿನಲ್ಲಿಡುತ್ತಾರೆ. ಹಣ ಕಟ್ಟುವಾಗ ಒಟಿಪಿ ಬರುವುದಿಲ್ಲ. ಊರಿನ ಸಿಮ್ ಫೋನಿನೊಳಗೇ ಇರಬೇಕು, ಅದಕ್ಕೆ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಇರಬೇಕು, ಆದರೆ ಅದರ ಡೇಟಾ ಆಫ್ ಇರಬೇಕು. ಡೇಟಾಕ್ಕೆ ಇ-ಸಿಮ್ (ಚಿಪ್ಪಿಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಕೊಂಡು ಮನೆಯ ವೈಫೈನಲ್ಲೇ ಅಳವಡಿಸಿಕೊಳ್ಳಿ. ಫೋನಿನಲ್ಲಿ ಇ-ಸಿಮ್ ಸೌಲಭ್ಯ ಇಲ್ಲದಿದ್ದರೆ, ಎರಡನೇ ಸಿಮ್ ಜಾಗ ಖಾಲಿ ಇದೆಯೇ ನೋಡಿಕೊಳ್ಳಿ. ಅಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ.

ಆಗಮನ ಪತ್ರ. 2025ರ ಮೇ 1ರಿಂದ ವಿಮಾನದಲ್ಲಿ ಕಾಗದದ ಫಾರಂ ತುಂಬುವ ಪದ್ಧತಿ ಹೋಗಿ ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ ಬಂದಿದೆ. ಇಳಿಯುವ ದಿನಕ್ಕೆ ಹಿಂದಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಇದು ಪೂರ್ತಿ ಉಚಿತ. ಹಣ ಕೇಳಿತೆಂದರೆ ನೀವು ನಕಲಿ ತಾಣದಲ್ಲಿದ್ದೀರಿ, ಪುಟ ಮುಚ್ಚಿ. ಥಾಯ್ ಸರ್ಕಾರದ ತಾಣಗಳ ವಿಳಾಸ ಮುಗಿಯುವುದು 'ಡಾಟ್ ಗೋ ಡಾಟ್ ಟಿಎಚ್' ಎಂದು. ಬರುವ ಕ್ಯೂಆರ್ ಕೋಡನ್ನು ಫೋಟೋ ಗ್ಯಾಲರಿಗೆ ಉಳಿಸಿ, ಒಂದು ಪ್ರಿಂಟನ್ನೂ ತೆಗೆದಿಡಿ. ವೀಸಾ ನಿಯಮ ಮಾತ್ರ ಆಗಾಗ ಬದಲಾಗುತ್ತದೆ. ಹೋದ ವರ್ಷ ಹೋಗಿಬಂದ ಗೆಳೆಯನ ಮಾತಿನ ಮೇಲೆ ಟಿಕೆಟ್ ತೆಗೆಯಬೇಡಿ, ಥಾಯ್ ದೂತಾವಾಸದ ತಾಣ ನೋಡಿ.

ಹಾಸ್ಟೆಲಿನ ತಾರೀಖು. ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆಯ ಹಾರಾಟ. ಬ್ಯಾಂಕಾಕ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಡುರಾತ್ರಿ ಹೊರಟರೆ ನಸುಕಿಗೆ ಇಳಿಯುತ್ತೀರಿ. ಹಾಸ್ಟೆಲುಗಳು ಹಾಸಿಗೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಈ ಎಂಟು ಗಂಟೆಗಳ ಲೆಕ್ಕ ತಪ್ಪಿದವರೇ ಫುಟ್‌ಪಾತಿನಲ್ಲಿ ಚೀಲ ಹೊತ್ತು ಅಲೆಯುವವರು. ಎರಡು ದಾರಿ ಇವೆ: ಹಿಂದಿನ ರಾತ್ರಿಗೂ ಬುಕ್ ಮಾಡಿ, ಅಥವಾ ಬೆಳಿಗ್ಗೆಯೇ ಚೀಲ ಇಟ್ಟುಕೊಂಡು ಸ್ನಾನಕ್ಕೆ ಬಿಡುತ್ತೀರಾ ಎಂದು ಹಾಸ್ಟೆಲಿಗೆ ಮೊದಲೇ ಬರೆದು ಕೇಳಿ. ಬಹುತೇಕರು ಒಪ್ಪುತ್ತಾರೆ.

ಇನ್ನೊಂದು ಎಡವಟ್ಟು ಟಿಕೆಟ್ಟಿನಲ್ಲಿರುತ್ತದೆ. 14ನೇ ತಾರೀಖು 00:40ರ ವಿಮಾನ ಎಂದರೆ 13ರ ರಾತ್ರಿ ಊಟ ಮುಗಿಸಿ ಹೊರಡಬೇಕು. ನನ್ನ ಚಿಕ್ಕಮ್ಮನ ಮಗ 14ರ ರಾತ್ರಿ ವಿಮಾನ ನಿಲ್ದಾಣಕ್ಕೆ ಹೋಗಿ ನಿಂತಿದ್ದ. ವಿಮಾನ ಹೋಗಿ ಒಂದು ದಿನವಾಗಿತ್ತು. ತಾರೀಖಿನ ಪಕ್ಕದಲ್ಲಿ ವಾರದ ಹೆಸರನ್ನೂ ಬರೆದಿಟ್ಟುಕೊಳ್ಳಿ, ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

## ಹಂತ 2: ಚೀಲ ಕಟ್ಟುವುದು

ನಲವತ್ತು ಲೀಟರಿಗಿಂತ ದೊಡ್ಡ ಚೀಲ ಬೇಡ. ಬ್ಯಾಂಕಾಕ್‌ನಲ್ಲಿ ಮೆಟ್ಟಿಲು ವಿಪರೀತ. ಮೇಲ್ಸೇತುವೆ, ರೈಲು ನಿಲ್ದಾಣ, ಲಿಫ್ಟ್ ಇಲ್ಲದ ಹಾಸ್ಟೆಲಿನ ಮೂರನೇ ಮಹಡಿ, ಎಲ್ಲದಕ್ಕೂ ಹತ್ತಬೇಕು.

ನಿಜಕ್ಕೂ ಬೇಕಾಗುವ ಸಾಮಾನು ಇಷ್ಟೇ: ಲಾಕರಿಗೆ ಹಾಕಲು ಒಂದು ಸಣ್ಣ ಬೀಗ, ಹಗಲಿನ ಓಡಾಟಕ್ಕೆ ಮಡಚಿಡಬಹುದಾದ ತೆಳು ಚೀಲ, ಮಳೆಗೆ ಫೋನು ಪಾಸ್‌ಪೋರ್ಟ್ ಹಾಕಲು ಜಿಪ್ ಇರುವ ಪ್ಲಾಸ್ಟಿಕ್ ಕವರುಗಳು, ಮೊಣಕಾಲು ಮುಚ್ಚುವ ತೆಳು ಹತ್ತಿ ಪ್ಯಾಂಟು, ಬೇಗ ಒಣಗುವ ಮೂರು ಅಂಗಿ, ಒಆರ್‌ಎಸ್ ಪೊಟ್ಟಣಗಳು, ಕಿವಿಗೆ ಹತ್ತಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿಗೆ ಹಾಕುವಂತಿಲ್ಲ. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ನಡೆಯುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಇ-ಸಿಗರೇಟು ಒಯ್ಯಬೇಡಿ. ಥಾಯ್ಲೆಂಡ್‌ನಲ್ಲಿ ಅದು ನಿಷಿದ್ಧ. ರಸ್ತೆಯಲ್ಲಿ ಮಾರುತ್ತಿರುವುದನ್ನು ಕಂಡರೂ ಕೊಳ್ಳಬೇಡಿ.

## ಹಂತ 3: ವಿಮಾನ ಇಳಿದ ಮೇಲಿನ ಎರಡು ಗಂಟೆ

ಊರಿಗೆ ಎರಡು ವಿಮಾನ ನಿಲ್ದಾಣ: ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್. ಸುವರ್ಣಭೂಮಿಯನ್ನು ಅಲ್ಲಿನವರು 'ಸುವನ್ನಪೂಮ್' ಎನ್ನುತ್ತಾರೆ. ನಾವು ಓದುವ ಹಾಗೆ ಹೇಳಿದರೆ ಅರ್ಥವಾಗುವುದಿಲ್ಲ. ಎಲ್ಲಿ ಇಳಿಯುತ್ತೀರಿ, ಎಲ್ಲಿಂದ ಹೊರಡುತ್ತೀರಿ ಎಂಬುದನ್ನು ಟಿಕೆಟ್ಟಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಇಮಿಗ್ರೇಷನ್ ಮುಗಿದ ಕೂಡಲೇ ಎದುರಾಗುವ ಹಣ ವಿನಿಮಯದ ಕೌಂಟರುಗಳಲ್ಲಿ ಎಲ್ಲವನ್ನೂ ಬದಲಿಸಬೇಡಿ. ಸುವರ್ಣಭೂಮಿಯಲ್ಲಿ ಕೆಳಗಿನ 'ಬಿ' ಮಹಡಿಗೆ, ರೈಲು ಹತ್ತುವ ಜಾಗಕ್ಕೆ ಇಳಿದರೆ ಅಲ್ಲಿನ ಸಣ್ಣ ವಿನಿಮಯ ಅಂಗಡಿಗಳಲ್ಲಿ ದರ ಗಮನಾರ್ಹವಾಗಿ ಚೆನ್ನಾಗಿರುತ್ತದೆ.

ಎಟಿಎಂ ಬಳಸುವವರಿಗೆ ಮೂರು ಎಚ್ಚರಿಕೆ. ವಿದೇಶಿ ಕಾರ್ಡಿಗೆ ಯಂತ್ರದವರು ಪ್ರತಿ ಸಲ 220 ಬಾತ್ (ಥಾಯ್ ಹಣ) ಅಥವಾ ಅದಕ್ಕಿಂತ ಹೆಚ್ಚು ಶುಲ್ಕ ಹಿಡಿಯುತ್ತಾರೆ, ಆದ್ದರಿಂದ ಸಾವಿರ ಸಾವಿರ ತೆಗೆಯದೆ ಒಮ್ಮೆಗೇ ತೆಗೆಯಿರಿ. 'ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ' ಎಂದು ಕೇಳಿದರೆ ಬೇಡ ಎನ್ನಿ, ಬಾತ್‌ನಲ್ಲೇ ಆಗಲಿ. ಹೂಂ ಎಂದರೆ ಅವರ ದರದಲ್ಲಿ ನಿಮ್ಮ ದುಡ್ಡು ಸೋರುತ್ತದೆ. ಕೊನೆಯದು, ನೋಟು ಬಂದ ಮೇಲೂ ಇನ್ನೊಂದು ವ್ಯವಹಾರ ಬೇಕೇ ಎಂದು ಕೇಳುತ್ತಾ ಕಾರ್ಡನ್ನು ಒಳಗೇ ಇಟ್ಟುಕೊಳ್ಳುವ ಯಂತ್ರಗಳಿವೆ. ನೋಟು ಎಣಿಸುತ್ತಾ ನಡೆದುಬಿಡುವವರು ಬಹಳ. ಕಾರ್ಡು ಕೈಗೆ ಬರುವ ತನಕ ಜಾಗ ಬಿಡಬೇಡಿ.

ಊರೊಳಗೆ ಹೋಗುವುದು. ಸುವರ್ಣಭೂಮಿಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಬೆಳಿಗ್ಗೆ ಸುಮಾರು ಐದೂವರೆಗೆ ಶುರುವಾಗಿ ನಡುರಾತ್ರಿಯ ತನಕ ಓಡುತ್ತದೆ. ಕೊನೆಯ ನಿಲ್ದಾಣ ಫಯಾ ಥಾಯ್ ತನಕ 45 ಬಾತ್, ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಅಲ್ಲಿ ಬಿಟಿಎಸ್ ಮೇಲುರೈಲು ಸಿಗುತ್ತದೆ. ಸುರಂಗದ ಎಂಆರ್‌ಟಿ ಬೇಕಾದವರು ಮೊದಲೇ ಮಕ್ಕಸನ್‌ನಲ್ಲಿ ಇಳಿದು ಪಕ್ಕದ ಫೆಚಬುರಿ ನಿಲ್ದಾಣಕ್ಕೆ ನಡೆಯಬೇಕು. ಬೆನ್ನುಚೀಲದವರು ಹೆಚ್ಚಾಗಿ ಸೇರುವ ಖಾವ್‌ಸಾನ್ ರಸ್ತೆಯ ಕಡೆ ರೈಲು ಇಲ್ಲ. ಸುವರ್ಣಭೂಮಿಯಿಂದ ಎಸ್1 ಬಸ್ಸು, ಡಾನ್ ಮುಯಾಂಗ್‌ನಿಂದ ಎ4 ಬಸ್ಸು ಅಲ್ಲಿಗೆ ಹೋಗುತ್ತವೆ. ರಾತ್ರಿ ಹೊತ್ತು ಇವನ್ನು ನಂಬಿ ಕೂರಬೇಡಿ.

ಟ್ಯಾಕ್ಸಿಯೇ ಬೇಕೆಂದರೆ ಒಂದನೇ ಮಹಡಿಗೆ ಹೋಗಿ ಯಂತ್ರದಿಂದ ಚೀಟಿ ತೆಗೆದು ಅದರಲ್ಲಿರುವ ಸಂಖ್ಯೆಯ ಜಾಗಕ್ಕೆ ಹೋಗಿ. ಮೀಟರ್ 35 ಬಾತ್‌ನಿಂದ ಶುರು. ಅದರ ಮೇಲೆ ವಿಮಾನ ನಿಲ್ದಾಣದ 50 ಬಾತ್, ಹೆದ್ದಾರಿಯ ಟೋಲ್ ನಿಮ್ಮದೇ. ಇದು ಮೋಸವಲ್ಲ, ನಿಯಮ. 'ಮೀಟರ್ ಇಲ್ಲ, ಇಷ್ಟು ಕೊಡಿ' ಎಂದರೆ ಮಾತ್ರ ಇಳಿದುಬಿಡಿ. ಬೆಂಗಳೂರಿನಲ್ಲಿ 'ಮೀಟರ್ ಮೇಲೆ ಐವತ್ತು ಕೊಡಿ' ಕೇಳಿ ಬೆಳೆದವರಿಗೆ ಈ ಭಾಷೆ ಹೊಸದಲ್ಲ. ಚೀಟಿಯನ್ನು ಚಾಲಕನ ಕೈಗೆ ಕೊಡಬೇಡಿ. ದೂರು ಕೊಡುವುದಾದರೆ, ಮರೆತ ಚೀಲ ಹುಡುಕುವುದಾದರೆ ಅದೇ ಆಧಾರ. ಆಗಮನದ ಬಾಗಿಲ ಬಳಿ ಬಂದು 'ಟ್ಯಾಕ್ಸಿ, ಟ್ಯಾಕ್ಸಿ' ಎನ್ನುವವರ ಹಿಂದೆ ಹೋಗಲೇಬೇಡಿ.

## ಹಂತ 4: ಹಾಸ್ಟೆಲಿನ ಬಾಗಿಲು ಹುಡುಕುವುದು

ವಿಳಾಸದಲ್ಲಿ 'ಸೊಯ್' ಎಂದಿದ್ದರೆ ಅದು ಅಡ್ಡರಸ್ತೆ. ಸುಖುಮ್ವಿತ್‌ನಂಥ ಉದ್ದ ರಸ್ತೆಗಳಲ್ಲಿ ಬೆಸ ಸಂಖ್ಯೆಯ ಸೊಯ್‌ಗಳೆಲ್ಲ ಒಂದು ಬದಿ, ಸಮ ಸಂಖ್ಯೆಯವು ಇನ್ನೊಂದು ಬದಿ. ಎರಡೂ ಬದಿಯ ಎಣಿಕೆ ಒಂದೇ ವೇಗದಲ್ಲಿ ಸಾಗುವುದಿಲ್ಲ. ಥಾಂಗ್ ಲೋ ನಿಲ್ದಾಣದ ಬಳಿ ಒಂದು ಬದಿ 55ನೇ ಸೊಯ್, ಎದುರಿಗೇ 38ನೇ ಸೊಯ್! 37 ಸಿಕ್ಕಿತು, 38 ಎದುರಿಗೇ ಇರಬೇಕು ಎಂದು ನಮ್ಮ ಬಡಾವಣೆಗಳ ಕ್ರಾಸ್ ಲೆಕ್ಕದಲ್ಲಿ ಹುಡುಕಿದರೆ ಕಿಲೋಮೀಟರುಗಟ್ಟಲೆ ನಡೆಯುತ್ತೀರಿ. ನಾನು ಮೊದಲ ಸಲ ಮಳೆಯಲ್ಲಿ ಮುಕ್ಕಾಲು ಗಂಟೆ ನಡೆದದ್ದು ಇದೇ ತಪ್ಪಿಗೆ.

ಹಾಸ್ಟೆಲಿನ ಹೆಸರು, ವಿಳಾಸ, ಫೋನ್ ನಂಬರನ್ನು ಥಾಯ್ ಲಿಪಿಯಲ್ಲಿ ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ಚಾಲಕರಿಗೆ ಇಂಗ್ಲಿಷ್ ನಕ್ಷೆ ತೋರಿಸುವುದಕ್ಕಿಂತ ಅದು ಹತ್ತು ಪಟ್ಟು ಉಪಯೋಗ.

ಎಲ್ಲಿ ಉಳಿಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಖಚಿತ: ಖಾವ್‌ಸಾನ್ ರಸ್ತೆಯ ಮೇಲೆ ಬೇಡ. ಸದ್ದು ನಡುರಾತ್ರಿ ದಾಟುತ್ತದೆ. ಅದರ ಪಕ್ಕದ ಫ್ರಾ ಆಥಿತ್ ರಸ್ತೆಯ ಕಡೆ ಉಳಿದರೆ ನದಿಯ ಜೆಟ್ಟಿ ಹತ್ತಿರ, ನಿದ್ದೆಯೂ ಬರುತ್ತದೆ. ರೈಲು ಮುಖ್ಯ ಎನ್ನುವವರಿಗೆ ಹಳೇ ರೈಲು ನಿಲ್ದಾಣ ಹುವಾ ಲಂಫೋಂಗ್, ಚೈನಾಟೌನ್ ಸುತ್ತಲಿನ ಹಾಸ್ಟೆಲುಗಳು ಒಳ್ಳೆಯವು, ಎಂಆರ್‌ಟಿ ಕಾಲಡಿಯಲ್ಲೇ ಇರುತ್ತದೆ.

ಹಾಸಿಗೆ ಸಿಕ್ಕ ಕೂಡಲೇ ಚೀಲವನ್ನು ಅದರ ಮೇಲೆ ಎಸೆಯಬೇಡಿ. ಮೊದಲು ಹಾಸಿಗೆಯ ಹೊಲಿಗೆಯ ಅಂಚು ಎತ್ತಿ ಫೋನಿನ ಬೆಳಕಲ್ಲಿ ನೋಡಿ. ಕಪ್ಪು ಚುಕ್ಕೆಗಳ ಸಾಲು ಕಂಡರೆ ತಿಗಣೆ. ಬೇರೆ ಹಾಸಿಗೆಯಲ್ಲ, ಬೇರೆ ಕೋಣೆ ಕೇಳಿ. ಆಮೇಲೆ ಒಂದು ಕಾರ್ಡು, ಅರ್ಧ ಹಣ ಲಾಕರಿಗೆ. ಸ್ನಾನ. ಎರಡು ಗಂಟೆ ನಿದ್ದೆ. ನಿದ್ದೆಯನ್ನು ಬಿಟ್ಟು ನೇರ ಅರಮನೆಗೆ ಓಡಿದವರೇ ಹಂತ 6ರ ಬಲೆಗೆ ಬೀಳುವುದು.

## ಹಂತ 5: ರೈಲು, ದೋಣಿ, ಬೈಕು ಕಲಿಯುವುದು

ಬಿಟಿಎಸ್ ಮತ್ತು ಎಂಆರ್‌ಟಿ ಎರಡು ಬೇರೆ ಸಂಸ್ಥೆಗಳು, ಟಿಕೆಟ್ಟೂ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹೊರಬಂದು ಮತ್ತೆ ಟಿಕೆಟ್ ತೆಗೆಯಬೇಕು. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ ದಾಟುವ ಹಾಗಲ್ಲ. ಎಂಆರ್‌ಟಿಯ ಗೇಟಿನಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಟ್ಯಾಪ್ ಮಾಡಿದರೆ ಸಾಕು. ಒಳಹೋಗಲು ಬಳಸಿದ ಕಾರ್ಡನ್ನೇ ಹೊರಬರಲೂ ಬಳಸಿ. ಬೆಳಿಗ್ಗೆ, ಸಂಜೆಯ ಕಚೇರಿ ಹೊತ್ತಿನಲ್ಲಿ ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಿ.

ನದಿಯೇ ಈ ಊರಿನ ಅತ್ಯುತ್ತಮ ರಸ್ತೆ ಎಂದು ನಾನು ಮನಸಾರೆ ನಂಬುತ್ತೇನೆ. ಬಿಟಿಎಸ್‌ನಲ್ಲಿ ಸಫಾನ್ ತಕ್ಸಿನ್‌ಗೆ ಬನ್ನಿ. ಕೆಳಗೇ ಸಾಥೋನ್ ಜೆಟ್ಟಿ. ಅಲ್ಲಿ ದೊಡ್ಡ ಫಲಕ ಹಾಕಿರುವ ಪ್ರವಾಸಿ ದೋಣಿಯ ಕೌಂಟರಿಗೆ ನಿಮ್ಮನ್ನು ಕರೆಯುತ್ತಾರೆ. ನಿಮಗೆ ಬೇಕಾದದ್ದು ಕಿತ್ತಳೆ ಬಾವುಟದ ದೋಣಿ, ಎಲ್ಲಿಗೆ ಹೋದರೂ 16 ಬಾತ್. ಅಲ್ಲಿನ ಜನ ಕೆಲಸಕ್ಕೆ ಹೋಗುವುದು ಅದರಲ್ಲೇ. ಹತ್ತಿ ನಿಂತರೆ, ಉದ್ದನೆಯ ಲೋಹದ ಡಬ್ಬಿಯಲ್ಲಿ ಚಿಲ್ಲರೆ ಗಿಲಕಿಸುತ್ತಾ ಕಂಡಕ್ಟರ್ ನಿಮ್ಮ ಹತ್ತಿರ ಬರುತ್ತಾರೆ. ಭಿಕ್ಷುಗಳಿಗೆಂದು ಮೀಸಲಾದ ಜಾಗದಲ್ಲಿ ಕೂರಬೇಡಿ. ಹೆಂಗಸರು ಭಿಕ್ಷುಗಳಿಗೆ ಮೈ ತಾಗದಂತೆ ಜಾಗ ಬಿಟ್ಟು ನಿಲ್ಲುವುದು ಅಲ್ಲಿನ ರೂಢಿ. ದೋಣಿ ಜೆಟ್ಟಿಯಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ಇಳಿಯುವವರು ಮೊದಲೇ ಹಿಂಭಾಗಕ್ಕೆ ಬಂದು ನಿಂತಿರಬೇಕು. ಫೋನು ಕೈಯಲ್ಲಿ ಹಿಡಿದು ಜಿಗಿಯಬೇಡಿ.

ಇನ್ನೊಂದು ಜಲಮಾರ್ಗ ಸೇನ್ ಸೇಪ್ ಕಾಲುವೆಯದು. ಸ್ವರ್ಣ ಬೆಟ್ಟದ ಹತ್ತಿರದ ಫಾನ್ ಫಾ ಜೆಟ್ಟಿಯಿಂದ ಪ್ರತುನಾಂ ಪೇಟೆಯ ಕಡೆಗೆ, ರಸ್ತೆಯ ವಾಹನಜಂಗುಳಿಯನ್ನು ಪೂರ್ತಿ ತಪ್ಪಿಸಿ ಕರೆದೊಯ್ಯುತ್ತದೆ. ನೀರು ಕೊಳಕು. ಅಂಚಿನಲ್ಲಿ ಕೂತವರು ಎದುರು ದೋಣಿ ಬಂದಾಗ ಹಗ್ಗ ಎಳೆದು ಟಾರ್ಪಾಲಿನ ಪರದೆ ಏರಿಸಬೇಕು. ನೀವು ಕೂತರೆ ಆ ಕೆಲಸ ನಿಮ್ಮದು. ಬಾಯಿ ಮುಚ್ಚಿಕೊಂಡಿರಿ, ಗಾಯವಿದ್ದರೆ ಒಳಸಾಲಿನಲ್ಲಿ ಕೂರಿ. ಪ್ರತುನಾಂನಲ್ಲಿ ಮುಂದಕ್ಕೆ ಹೋಗುವವರು ದೋಣಿ ಬದಲಿಸಬೇಕು.

ಬೈಕ್ ಟ್ಯಾಕ್ಸಿಯವರು ಕಿತ್ತಳೆ ಜಾಕೆಟ್ ಹಾಕಿರುತ್ತಾರೆ. ಸೊಯ್‌ನ ಬಾಯಿಂದ ಒಳಗಿನ ತನಕ ಹೋಗಲು ಇವರಷ್ಟು ಉಪಕಾರಿ ಯಾರೂ ಇಲ್ಲ. ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ. ಇಳಿಯುವಾಗ ಎಡಕ್ಕೇ ಇಳಿಯಿರಿ. ಬಲಗಡೆಗೆ ಇಳಿದರೆ ಮೀನಖಂಡ ಸೈಲೆನ್ಸರಿಗೆ ತಗಲುತ್ತದೆ. ಬೆನ್ನುಚೀಲದವರ ಕಾಲಲ್ಲಿ ನೀವು ಕಾಣುವ ಅಂಡಾಕಾರದ ಸುಟ್ಟಗಾಯ ಇದರದ್ದೇ. ಸುಟ್ಟರೆ ತಕ್ಷಣ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ ಬೇಡ.

ಬೈಕು ಬಾಡಿಗೆಗೆ ತೆಗೆದುಕೊಂಡು ನೀವೇ ಓಡಿಸುವ ಯೋಚನೆಯಿದ್ದರೆ ಈ ಊರಿನಲ್ಲಿ ಬಿಡಿ. ಬೇರೆಡೆ ಓಡಿಸುವುದಾದರೂ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ ಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತುವ ಸಾಧ್ಯತೆ ಹೆಚ್ಚು. ಯಾರಿಗೂ ಪಾಸ್‌ಪೋರ್ಟನ್ನು ಅಡವಾಗಿ ಕೊಡಬೇಡಿ. ಕೊಟ್ಟ ಮೇಲೆ ಗಾಡಿಯ ಹಳೇ ಗೀರುಗಳಿಗೂ ನೀವೇ ಬೆಲೆ ತೆರಬೇಕಾಗುತ್ತದೆ.

## ಹಂತ 6: ಅರಮನೆ, ವಿಹಾರಗಳು ಮತ್ತು 'ಇವತ್ತು ರಜೆ' ಎನ್ನುವವರು

ಮಹಾ ಅರಮನೆ ಸಾಮಾನ್ಯವಾಗಿ ಎಲ್ಲ ದಿನವೂ ತೆರೆದಿರುತ್ತದೆ. ಟಿಕೆಟ್ ಬೆಳಿಗ್ಗೆ 8:30ರಿಂದ ಮಧ್ಯಾಹ್ನ 3:30ರ ತನಕ, 500 ಬಾತ್. ಪ್ರವಾಸಿಗರ ಪ್ರವೇಶ ನಾ ಫ್ರಾ ಲಾನ್ ರಸ್ತೆಯ ವಿಸೇತ್ ಚಾಯ್‌ಸ್ರಿ ಬಾಗಿಲಿನಿಂದ.

ಆ ಬಾಗಿಲು ಮುಟ್ಟುವ ಮೊದಲು, ಗೋಡೆಯ ಯಾವುದೋ ಮೂಲೆಯಲ್ಲಿ, ಇಸ್ತ್ರಿ ಅಂಗಿಯ ಸಭ್ಯ ಮನುಷ್ಯನೊಬ್ಬ ಎದುರಾಗುತ್ತಾನೆ. ಮಾತಿನ ಕ್ರಮ ನೋಡಿ. ಮೊದಲು 'ಯಾವ ದೇಶ?' ಆಮೇಲೆ 'ಅಯ್ಯೋ, ಇವತ್ತು ಪೂಜೆ, ಮಧ್ಯಾಹ್ನದ ತನಕ ಮುಚ್ಚಿದೆ.' ಆಮೇಲೆ ಭೂಪಟ ತೆಗೆದು ಬೇರೆ ಮೂರು ವಿಹಾರಗಳಿಗೆ ಗುರುತು ಹಾಕುತ್ತಾನೆ. ಅಷ್ಟರಲ್ಲಿ ಟುಕ್‌ಟುಕ್ ಬಂದು ನಿಲ್ಲುತ್ತದೆ, ಅರ್ಧ ದಿನಕ್ಕೆ ಇಪ್ಪತ್ತೋ ನಲವತ್ತೋ ಬಾತ್ ಅಷ್ಟೇ. ಒಂದು ವಿಹಾರವನ್ನು ನಿಜವಾಗಿಯೂ ತೋರಿಸುತ್ತಾರೆ. ಅಲ್ಲಿ ಇನ್ನೊಬ್ಬ 'ಅಪರಿಚಿತ' ಸಿಕ್ಕಿ, ಇವತ್ತೇ ಕೊನೆಯ ದಿನ, ಸರ್ಕಾರಿ ರಿಯಾಯಿತಿಯಲ್ಲಿ ಹರಳು ಸಿಗುತ್ತದೆ, ಊರಲ್ಲಿ ಮಾರಿದರೆ ದುಪ್ಪಟ್ಟು ಎನ್ನುತ್ತಾನೆ. ದಾರಿ ಮುಗಿಯುವುದು ಹರಳಿನ ಅಂಗಡಿಯಲ್ಲಿ ಅಥವಾ ದರ್ಜಿಯ ಅಂಗಡಿಯಲ್ಲಿ.

ಹುಬ್ಬಳ್ಳಿಯ ನನ್ನ ಗೆಳೆಯನೊಬ್ಬ ಬಂಗಾರದ ವ್ಯಾಪಾರದ ಮನೆತನದವನು. ಅವನೇ ಒಂದು ನೀಲದ ಹರಳು ಕೊಂಡು ಬಂದ. ತಿಳಿವಳಿಕೆ ಕಡಿಮೆಯಿದ್ದವರಷ್ಟೇ ಇದಕ್ಕೆ ಬೀಳುತ್ತಾರೆ ಎಂದುಕೊಳ್ಳಬೇಡಿ. ನಿದ್ದೆಗೆಟ್ಟವರು, ಬಿಸಿಲಿಗೆ ಬಳಲಿದವರು, ಒಬ್ಬರು ಒಳ್ಳೆಯ ಮಾತಾಡಿದರೆಂದು ಸಂಕೋಚಪಡುವವರು ಬೀಳುತ್ತಾರೆ.

ಪರಿಹಾರ ಸರಳ. ನಕ್ಕು ಕೈಮುಗಿದು, ನಿಲ್ಲದೆ, ಟಿಕೆಟ್ ಕೌಂಟರಿನ ತನಕ ನಡೆಯಿರಿ. ಮುಚ್ಚಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಆ ಕೌಂಟರಿಗೆ ಮಾತ್ರ.

ಬಟ್ಟೆ. ಭುಜ, ಮೊಣಕಾಲು ಮುಚ್ಚಿರಬೇಕು. ತೋಳಿಲ್ಲದ ಅಂಗಿಯ ಮೇಲೆ ದುಪಟ್ಟಾ ಹೊದ್ದರೆ ಅರಮನೆಯಲ್ಲಿ ಒಪ್ಪುವುದಿಲ್ಲ, ತೋಳಿರುವ ಅಂಗಿಯನ್ನೇ ಹಾಕಿ. ಬುದ್ಧನ ಮೂರ್ತಿಯ ಕಡೆ ಕಾಲು ಚಾಚಿ ಕೂರಬೇಡಿ.

ನೋಡುವ ಕ್ರಮ. ಅರಮನೆಗೆ ಎಂಟೂವರೆಗೇ ಹೋಗಿ. ಹತ್ತಾಗುವಷ್ಟರಲ್ಲಿ ಬಸ್ಸುಗಟ್ಟಲೆ ಜನ. ಅಲ್ಲಿಂದ ನಡೆದು ವಾಟ್ ಫೋ ('ವಾಟ್' ಎಂದರೆ ವಿಹಾರ), 300 ಬಾತ್. 46 ಮೀಟರ್ ಉದ್ದದ ಮಲಗಿದ ಬುದ್ಧನ ಪಾದದ ಬದಿಗೆ ಹೋಗಿ ನಿಧಾನವಾಗಿ ನೋಡಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಬಹಳ ಜನ ಮುಖದ ಫೋಟೋ ತೆಗೆದು ಹೊರಟುಬಿಡುತ್ತಾರೆ. ಬೆನ್ನಿನ ಬದಿಯಲ್ಲಿ ಸಾಲಾಗಿಟ್ಟ ಕಂಚಿನ ಬಟ್ಟಲುಗಳಿಗೆ ಜನ ಒಂದೊಂದೇ ನಾಣ್ಯ ಹಾಕುತ್ತಾ ಹೋಗುವಾಗ ಹುಟ್ಟುವ ಸದ್ದು ಇಡೀ ಭವನವನ್ನು ತುಂಬುತ್ತದೆ. ನನ್ನ ಮಟ್ಟಿಗೆ ಬ್ಯಾಂಕಾಕ್ ಎಂದರೆ ಮೊದಲು ನೆನಪಾಗುವುದು ಆ ಸದ್ದು.

ನಡುಮಧ್ಯಾಹ್ನ ಹಾಸ್ಟೆಲಿಗೆ ಮರಳಿ ಮಲಗಿ. ಸಂಜೆ ನಾಲ್ಕರ ಮೇಲೆ ಥಾ ತಿಯೆನ್ ಜೆಟ್ಟಿಯಿಂದ ದಡ ದಾಟಿಸುವ ದೋಣಿ ಹತ್ತಿ, ನಮ್ಮ ಕರಾವಳಿಯ ಕಡವಿನಂಥದ್ದು, 5 ಬಾತ್. ಆಚೆ ದಡದಲ್ಲಿ ವಾಟ್ ಅರುಣ್. ಅದನ್ನು ನೋಡಿ ಮತ್ತೆ ಈಚೆ ದಡಕ್ಕೆ ಬಂದುಬಿಡಿ. ಸೂರ್ಯ ಮುಳುಗುವುದು ಅದರ ಗೋಪುರದ ಹಿಂದೆ, ಆ ನೋಟ ಈಚೆ ದಡದವರಿಗೆ ಮಾತ್ರ.

## ಹಂತ 7: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮಾಂಸಾಹಾರಿಗಳಿಗೆ ಹೇಳಬೇಕಾದ್ದು ಕಡಿಮೆ. ಜನ ಹೆಚ್ಚಿರುವ, ಎದುರಿಗೇ ಬೇಯಿಸಿ ಕೊಡುವ ಗಾಡಿ ಆರಿಸಿ. ಚೈನಾಟೌನಿನ ಯಾವರತ್ ರಸ್ತೆಗೆ ಎಂಆರ್‌ಟಿಯ ವಾಟ್ ಮಂಗ್‌ಕೋನ್‌ನಲ್ಲಿ ಇಳಿದು ಸಂಜೆ ಏಳರ ಮೇಲೆ ಹೋಗಿ. ಸೋಮವಾರ ಬೇಡ, ಹಲವು ಗಾಡಿಗಳು ಇರುವುದಿಲ್ಲ.

ಸಸ್ಯಾಹಾರಿಗಳು ಎಡವುವುದು 'ವೆಜಿಟೇರಿಯನ್' ಎಂಬ ಪದವನ್ನು ನಂಬಿ. ತರಕಾರಿ ಕಣ್ಣಿಗೆ ಕಂಡರೂ ಮೀನಿನ ರಸ ಒಳಗಿರುತ್ತದೆ, ಸೊಪ್ಪಿನ ಪಲ್ಯಕ್ಕೆ ಸಿಂಪಿ ಸಾಸ್ ಬಿದ್ದಿರುತ್ತದೆ, ಪಪ್ಪಾಯಿ ಸಲಾಡಿಗೆ ಒಣ ಸೀಗಡಿ. ಹೇಳಬೇಕಾದ ಪದ 'ಜೇ'. 'ಕಿನ್ ಜೇ' ಎಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ, ಬೆಳ್ಳುಳ್ಳಿಯೂ ಇಲ್ಲದ ಊಟ. ಅಂಥ ಅಂಗಡಿಯ ಗುರುತು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ. ನಮ್ಮ ಕಣ್ಣಿಗೆ ಅದು 17 ಎಂಬ ಅಂಕಿಯ ಹಾಗೆ ಕಾಣುತ್ತದೆ. ಇನ್ನೆರಡು ವಾಕ್ಯ ಬಾಯಿಪಾಠ ಮಾಡಿ: 'ಮೈ ಸೈ ನಾಮ್ ಪ್ಲಾ' ಅಂದರೆ ಮೀನಿನ ರಸ ಹಾಕಬೇಡಿ. 'ಮೈ ಫೆತ್' ಅಂದರೆ ಖಾರ ಬೇಡ. ಗುಂಟೂರು ಮೆಣಸಿನಕಾಯಿ ತಿಂದು ಬೆಳೆದವರಿಗೂ ಮೊದಲ ದಿನ ಎರಡನೆಯದು ಬೇಕಾಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿನ ಒಂಬತ್ತು ದಿನಗಳ ಜೇ ಹಬ್ಬಕ್ಕೆ ನಿಮ್ಮ ಪ್ರವಾಸ ಕೂಡಿಬಂದರೆ ಯಾವರತ್ ತುಂಬ ಹಳದಿ ಬಾವುಟಗಳೇ. ಸಸ್ಯಾಹಾರಿಗೆ ಅದಕ್ಕಿಂತ ಒಳ್ಳೆಯ ದಿನಗಳಿಲ್ಲ.

ನಾಲಗೆಗೆ ಊರಿನ ರುಚಿ ಬೇಕೆನಿಸಿದರೆ ಫಹುರತ್, ಅಲ್ಲಿನ ಭಾರತೀಯರ ಪೇಟೆ. ಅದರ ನಡುವಿನ ದೊಡ್ಡ ಗುರುದ್ವಾರದಲ್ಲಿ ಲಂಗರ್, ಅಂದರೆ ಎಲ್ಲರಿಗೂ ಉಚಿತ ಊಟ, ಇದೆ. ತಲೆಗೆ ವಸ್ತ್ರ ಹೊದ್ದು ಹೋಗಿ, ಉಂಡು, ಕೈಲಾದ ಕಾಣಿಕೆ ಹಾಕಿ ಬನ್ನಿ.

ನಲ್ಲಿ ನೀರು ಕುಡಿಯಬೇಡಿ. ನಡುವೆ ತೂತಿರುವ ಕೊಳವೆಯಾಕಾರದ ಐಸು ಕಾರ್ಖಾನೆಯದು, ಸಾಮಾನ್ಯವಾಗಿ ಸುರಕ್ಷಿತ. ದೊಡ್ಡ ಗಡ್ಡೆಯಿಂದ ಕುಟ್ಟಿ ಪುಡಿ ಮಾಡಿದ್ದನ್ನು ಬಿಡಿ.

## ಹಂತ 8: ಬಿಸಿಲು ಮತ್ತು ಮಳೆ

ನವೆಂಬರಿನಿಂದ ಫೆಬ್ರವರಿ ತನಕ ಹಿತ. ಏಪ್ರಿಲ್ ಅತಿ ಕಠಿಣ, ಆ ತಿಂಗಳ 13ರಿಂದ 15ರ ತನಕ ಸೊಂಗ್‌ಕ್ರಾನ್, ನೀರೆರಚುವ ಹೊಸವರ್ಷ. ಆ ದಿನಗಳಲ್ಲಿ ಹೊರಗೆ ಹೆಜ್ಜೆಯಿಟ್ಟರೆ ಒದ್ದೆಯಾಗುತ್ತೀರಿ, ಪಾಸ್‌ಪೋರ್ಟ್ ಲಾಕರಿನಲ್ಲೇ ಇರಲಿ.

ಬೆವರು ನಿಂತು, ಚರ್ಮ ಬಿಸಿಯಾಗಿ, ಮಾತು ತಡವರಿಸಿದರೆ ಅದು ದಣಿವಲ್ಲ, ಬಿಸಿಲಾಘಾತ. ಆಂಬುಲೆನ್ಸ್‌ಗೆ 1669ಕ್ಕೆ ಕರೆ ಮಾಡಿ, ನೆರಳಿಗೆ ತಂದು ಮೈಗೆ ನೀರು ಹಾಕುತ್ತಿರಿ. ಮಳೆಗಾಲದಲ್ಲಿ ರಸ್ತೆಯಲ್ಲಿ ನೀರು ನಿಂತಾಗ ವಿದ್ಯುತ್ ಕಂಬ, ಅಂಗಡಿಗಳ ಕಬ್ಬಿಣದ ಬಾಗಿಲು ಮುಟ್ಟಬೇಡಿ. ಅರ್ಧ ಗಂಟೆ ಕಾದರೆ ಸಾಮಾನ್ಯವಾಗಿ ಮಳೆ ನಿಲ್ಲುತ್ತದೆ.

ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಉದ್ಯಾನ, ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಕೇಳಿಸುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ರಾಜನ ಚಿತ್ರವಿರುವ ನೋಟು ಗಾಳಿಗೆ ಹಾರಿದರೆ ಕಾಲಿನಿಂದ ಮೆಟ್ಟಿ ಹಿಡಿಯಬೇಡಿ. ರಾಜಮನೆತನಕ್ಕೆ ಅವಮಾನ ಅಲ್ಲಿ ಜೈಲಿಗೆ ಕಳಿಸುವ ಅಪರಾಧ.

## ಹಂತ 9: ಕೆಟ್ಟದ್ದು ಆಗಿಯೇ ಹೋದರೆ

ಪ್ರವಾಸಿ ಪೊಲೀಸ್ 1155, ಇಂಗ್ಲಿಷ್ ಬಲ್ಲವರು ಸಿಗುತ್ತಾರೆ. ಸಾಮಾನ್ಯ ಪೊಲೀಸ್ 191. ಈ ನಂಬರುಗಳನ್ನು ಕಾಗದದಲ್ಲೂ ಬರೆದಿಡಿ, ಕಳೆಯುವುದು ಬಹಳ ಸಲ ಫೋನೇ.

ಪಾಸ್‌ಪೋರ್ಟ್ ಕಳೆದರೆ ಮೊದಲು ಠಾಣೆಯಲ್ಲಿ ದೂರು ಕೊಟ್ಟು ಲಿಖಿತ ಪ್ರತಿ ಪಡೆಯಿರಿ. ಅದಿಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಆಮೇಲೆ ಭಾರತೀಯ ರಾಯಭಾರ ಕಚೇರಿ, ಸುಖುಮ್ವಿತ್ 23ನೇ ಸೊಯ್. ಹಳೇ ಪಾಸ್‌ಪೋರ್ಟಿನ ನಕಲು, ಭಾವಚಿತ್ರಗಳು ಜತೆಗಿದ್ದರೆ ಕೆಲಸ ಬೇಗ ಆಗುತ್ತದೆ. ಊರಿಗೆ ಮರಳಲು ಅವರು ತುರ್ತು ಪ್ರಮಾಣಪತ್ರ ಕೊಡಬಲ್ಲರು. ಅಷ್ಟಕ್ಕೇ ಮುಗಿಯಲಿಲ್ಲ: ಥಾಯ್ ಇಮಿಗ್ರೇಷನ್ ಕಚೇರಿಗೂ ಹೋಗಿ, ನೀವು ದೇಶದೊಳಗೆ ಬಂದ ಮುದ್ರೆಯ ದಾಖಲೆಯನ್ನು ಹೊಸ ಕಾಗದಕ್ಕೆ ಹೊಂದಿಸಿಕೊಳ್ಳಬೇಕು. ಇದನ್ನು ಬಿಟ್ಟವರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ವಿಮಾನದ ಹಿಂದಿನ ದಿನ ದೂರದ ಮಾರುಕಟ್ಟೆಗಳಿಗೆ ಪಾಸ್‌ಪೋರ್ಟ್ ಒಯ್ಯಬೇಡಿ, ನಕಲು ಇಟ್ಟುಕೊಂಡು ಹೋಗಿ.

ಫೋನು ಕಳೆದರೆ ಮೊದಲ ಕರೆ ಊರಿನ ಮನೆಯವರಿಗೆ ಇರಲಿ. ಸಿಮ್ ಮತ್ತು ಬ್ಯಾಂಕ್ ಖಾತೆ ತಡೆಹಿಡಿಸುವುದು ಅವರಿಂದಲೇ ಬೇಗ. ಗ್ರಾಹಕ ಸೇವೆಯ ನಂಬರುಗಳನ್ನು ಹೊರಡುವ ಮುನ್ನ ಅಮ್ಮನ ಕೈಗೋ ಅಕ್ಕನ ಕೈಗೋ ಬರೆದು ಕೊಟ್ಟು ಹೋಗಿ.

## ಹಂತ 10: ಊರು ಬಿಡುವ ದಿನ

ಇಲ್ಲಿಯೂ ಒಂದನ್ನು ಇನ್ನೊಂದೆಂದುಕೊಳ್ಳುವ ಎರಡೆರಡು ಜಾಗಗಳು ಕಾಡುತ್ತವೆ. ದೂರದೂರಿನ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್ ಬಿಟ್ಟು ಕ್ರುಂಗ್ ಥೆಪ್ ಅಫಿವತ್ ನಿಲ್ದಾಣದಿಂದ ಹೊರಡುತ್ತವೆ. ಎಂಆರ್‌ಟಿಯಲ್ಲಿ ಅದಕ್ಕೆ ಬಾಂಗ್ ಸ್ಯೂನಲ್ಲಿ ಇಳಿಯಬೇಕು. ಕೆಲವು ಸಾಧಾರಣ ರೈಲುಗಳು ಮಾತ್ರ ಇನ್ನೂ ಹುವಾ ಲಂಫೋಂಗ್‌ನಿಂದಲೇ. ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು ಹಿಡಿಯುವವರು ಟಿಕೆಟ್ಟಿನ ಮೇಲಿನ ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ಹಾಗೆಯೇ ಮೋ ಚಿತ್ ಬಸ್ ನಿಲ್ದಾಣ ಬೇರೆ, ಮೋ ಚಿತ್ ಬಿಟಿಎಸ್ ನಿಲ್ದಾಣ ಬೇರೆ. ಚೀಲ ಹೊತ್ತು ನಡೆಯುವ ಅಂತರ ಅಲ್ಲ, ನಡುವೆ ಟ್ಯಾಕ್ಸಿಯೋ ಬೈಕೋ ಬೇಕು.

ಕೊನೆಯ ದಿನ ಶನಿವಾರವೋ ಭಾನುವಾರವೋ ಆಗಿದ್ದರೆ ಚತುಚಕ್ ಸಂತೆಗೆ ಹೋಗಿ. ಎಂಆರ್‌ಟಿಯ ಕಂಫೇಂಗ್ ಫೆತ್‌ನಲ್ಲಿ ಇಳಿದರೆ ನೇರ ಸಂತೆಯೊಳಗೇ ಮೇಲೆ ಬರುತ್ತೀರಿ. ಇಷ್ಟವಾದ ವಸ್ತು ಕಂಡಾಗಲೇ ಕೊಳ್ಳಿ, ಅದೇ ಅಂಗಡಿ ಮತ್ತೆ ಸಿಗುವುದಿಲ್ಲ. ಜತೆಯವರು ತಪ್ಪಿಹೋದರೆ ಸೇರುವ ಜಾಗ ನಡುವಿನ ಗಡಿಯಾರ ಗೋಪುರ ಎಂದು ಮೊದಲೇ ಮಾತಾಡಿಕೊಳ್ಳಿ. ದೊಡ್ಡ ಚೀಲ ಹಾಸ್ಟೆಲಿನಲ್ಲೇ ಇರಲಿ. ಹಾಸಿಗೆ ಬಿಟ್ಟ ಮೇಲೂ ಸಂಜೆಯ ತನಕ ಇಟ್ಟುಕೊಳ್ಳುತ್ತಾರೆ.

ಸಂಜೆ ನಾಲ್ಕರಿಂದ ಎಂಟರ ನಡುವೆ ಟ್ಯಾಕ್ಸಿ ನಂಬಿ ವಿಮಾನಕ್ಕೆ ಹೊರಡಬೇಡಿ. ಮಳೆ ಬಂದ ಶುಕ್ರವಾರವಾದರೆ ಕೇಳುವುದೇ ಬೇಡ. ಸುವರ್ಣಭೂಮಿಗೆ ಹೋಗುವವರು ಫಯಾ ಥಾಯ್ ತನಕ ಹೇಗಾದರೂ ಬಂದು ರೈಲು ಹತ್ತಿ.

ಉಳಿದ ನೋಟುಗಳನ್ನು ಬದಲಿಸಬಹುದು, ನಾಣ್ಯಗಳನ್ನು ವಿನಿಮಯದವರು ತೆಗೆದುಕೊಳ್ಳುವುದಿಲ್ಲ. ಹಿಂದಿನ ಸಂಜೆಯೇ ಅವನ್ನೆಲ್ಲ ಜೇಬಿಗೆ ಹಾಕಿಕೊಂಡು ಥಾ ತಿಯೆನ್‌ಗೆ ಹೋಗಿ. ಐದು ಬಾತ್‌ಗೆ ಆಚೆ ದಡ, ಐದು ಬಾತ್‌ಗೆ ಈಚೆ ದಡ. ಚಿಲ್ಲರೆ ಮುಗಿಯುವ ತನಕ ದಾಟುತ್ತಿರಬಹುದು.